ಬೀಳಿಸಿದವನೇ ಒರೆಸಬೇಕು

ಮಧುಗಿರಿ
೯ ಜೂನ್ ೧೯೪೦

ಪಾವಗಡದ ಸೌಭಾಗ್ಯವತಿ ಪುಟ್ಟಕ್ಕನವರಿಗೆ ಮಧುಗಿರಿ ಮಿಡ್ಲ್ ಸ್ಕೂಲಿನ ಉಪಾಧ್ಯಾಯ ಶಂಕರಲಿಂಗಪ್ಪ ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ನಿಮ್ಮ ತಂದೆಯವರ ಗರಡಿಗೆ ಬಂದ ಮೊದಲ ದಿನವೇ ಕುಸ್ತಿಯ ಮಟ್ಟಿ ನೋಡಿ ಓಡಿಹೋಗಿ, ನಿಮ್ಮ ಮನೆಯ ಕಣಜದ ಹಿಂದೆ ಅವಿತಿದ್ದ ಸಣಕಲ ಹುಡುಗ ನಾನೇ. ನೀವೇ ನನ್ನನ್ನು ಹಿಡಿದುಕೊಟ್ಟಿರಿ. ಆಮೇಲೆ ಹತ್ತು ವರ್ಷ ವಸ್ತಾದರ ಕೈಯಲ್ಲಿ ಪಳಗಿದೆ.

ನಿಮ್ಮ ತಂದೆ ಬೊಮ್ಮಣ್ಣ ವಸ್ತಾದರು ತೀರಿಹೋಗಿ ನಾಲ್ಕು ತಿಂಗಳಾದರೂ ಗರಡಿಯ ಬಾಗಿಲು ಒಂದು ದಿನವೂ ಮುಚ್ಚಿಲ್ಲ. ಹುಡುಗರು ಬೆಳಿಗ್ಗೆ ಬಂದು ಮಟ್ಟಿಯ ಕೆಮ್ಮಣ್ಣು ಅಗೆದು ಹದ ಮಾಡುತ್ತಾರೆ, ಸಾಮು ಮಾಡುತ್ತಾರೆ, ಜೋಡಿ ಹಿಡಿಯುತ್ತಾರೆ. ನಿಮ್ಮ ತಮ್ಮ ಜುಂಜಪ್ಪ ಎಲ್ಲರಿಗಿಂತ ಮುಂದು. ಅವನಿಗೆ ಸರಿಜೋಡಿ ಎಂದರೆ ಗಾಣದ ಮನೆಯ ಪರ್ವತಯ್ಯ ಒಬ್ಬನೇ. ವಸ್ತಾದರು ಇಟ್ಟ ಕಟ್ಟಳೆ ಹಾಗೆಯೇ ನಡೆದಿದೆ. ಯಾರು ಯಾರನ್ನು ಕೆಡವಿದರೂ ಸರಿ, ಬಿದ್ದವನ ಬೆನ್ನಿನ ಮಣ್ಣನ್ನು ಬೀಳಿಸಿದವನೇ ಒರೆಸಬೇಕು. ಒರೆಸುವ ತನಕ ಗೆದ್ದಂತಲ್ಲ. ಶಿರಾದಿಂದ ಬರುವ ಪೈಲ್ವಾನರು ಇದನ್ನು ನೋಡಿ ನಗುತ್ತಾರೆ. "ಇದೇನ್ ಮಿಯಾ, ಕೆಡವೋದೂ ನಾವೇ, ಝಾಡಿಸೋದೂ ನಾವೇನಾ?" ಎನ್ನುತ್ತಾರೆ.

ಬರೆಯಲು ಕಾರಣ ಇದು. ಶಿಷ್ಯರೆಲ್ಲ ಸೇರಿ ವಸ್ತಾದರ ಹೆಸರಿನಲ್ಲಿ ಗರಡಿಯ ಬಾಗಿಲ ಪಕ್ಕ ಒಂದು ವೀರಗಲ್ಲು ನಿಲ್ಲಿಸಲು ನಿಶ್ಚಯಿಸಿದ್ದೇವೆ. ವಿಜಯದಶಮಿಯ ದಿನ ಅಮಲ್ದಾರರು ಬಂದು ತೆರೆ ಸರಿಸಲು ಒಪ್ಪಿದ್ದಾರೆ. ಅಂದು ವಸ್ತಾದರ ಜೀವನ ಕುರಿತು ನಾನು ಒಂದು ಬರಹ ಓದಬೇಕು. ಅವರು ಮೈಸೂರು ಲಾನ್ಸರ್ಸ್ ಕುದುರೆ ಪಡೆಯಲ್ಲಿ ಸವಾರರಾಗಿ, ೧೯೧೪ರ ಮಹಾಯುದ್ಧದಲ್ಲಿ ಸಮುದ್ರ ದಾಟಿ ಹೋಗಿದ್ದವರು. ಯಾವ ಊರಿನ ಬಳಿ ಕಾದಿದರು, ಎಷ್ಟು ಶತ್ರುಗಳನ್ನು ಹೊಡೆದರು ಎಂಬ ವಿವರಗಳನ್ನು ಮಗಳಾದ ನೀವು ಬರೆದು ಕಳಿಸಿದರೆ ಉಪಕಾರವಾಗುತ್ತದೆ. ನಿಮ್ಮ ತಾಯಿ ನರಸಮ್ಮನವರನ್ನು ಕೇಳಿದೆ. ಮಜ್ಜಿಗೆ ಕೊಟ್ಟು ಕಳಿಸಿದರು.

ಇತಿ,
ಶಂಕರಲಿಂಗಪ್ಪ


ಪಾವಗಡ
೨೧ ಜೂನ್ ೧೯೪೦

ಮೇಷ್ಟ್ರಿಗೆ ಪುಟ್ಟಕ್ಕನ ನಮಸ್ಕಾರ.

ನೆನಪಿಲ್ಲದೆ ಏನು! ನೀವು ಅವಿತುಕೊಂಡಾಗ ಉರುಳಿಸಿದ ರಾಗಿಯ ಮೊರ ನಮ್ಮವ್ವನಿಗೂ ನೆನಪಿದೆ.

ಅಪ್ಪನ ವಿಷಯ ಕೇಳಿದ್ದೀರಿ, ನನಗೆ ಗೊತ್ತಿದ್ದಷ್ಟು ಬರೆಯುತ್ತೇನೆ. ಅವನು ಅಕ್ಷರ ಕಲಿತದ್ದು ಪಡೆಯಲ್ಲಿ. ಬಂದವನು ನನಗೆ ಮನೆ ಮುಂದಿನ ಮರಳಿನಲ್ಲಿ ಕಲಿಸಿದ. ಹೆಣ್ಣುಮಗೂಗೆ ಯಾಕೆ ಎಂದು ಕೇರಿಯವರು ಕೇಳಿದರೆ, "ನಾಳೆ ದೂರದೂರಿಗೆ ಹೋಗ್ತಾಳೆ, ಅಪ್ಪಂಗೆ ಕಾಗದ ಬರೀಬೇಕಲ್ಲ" ಎನ್ನುತ್ತಿದ್ದನಂತೆ. ನನಗೆ ತಲೆ ಬಾಚಿ ಜಡೆ ಹಾಕುತ್ತಿದ್ದವನು ಅವನೇ. ಕುದುರೆಗಳ ಜೂಲು ಹೆಣೆದ ಕೈ, ಎಷ್ಟು ಬಿಗಿಯಾಗಿ ಎಳೆಯುತ್ತಿದ್ದನೆಂದರೆ ಕಣ್ಣು ಪಿಳುಕಿಸಲು ಆಗುತ್ತಿರಲಿಲ್ಲ. ಜಡೆ ಮೂರು ದಿನ ಬಿಚ್ಚುತ್ತಿರಲಿಲ್ಲ. ಯುದ್ಧದಲ್ಲಿ ಕೊಟ್ಟ ಪದಕವನ್ನು ಕೆಂದ ಕರುವಿನ ಕೊರಳಿಗೆ ಗೆಜ್ಜೆಯ ಜೊತೆ ಕಟ್ಟಿಬಿಟ್ಟಿದ್ದ. ಕರು ಎಲ್ಲಿ ಮೇಯುತ್ತಿದೆಯೋ ಅದರ ಸದ್ದಿಗೇ ಗೊತ್ತಾಗುತ್ತಿತ್ತು.

ಗರಡಿಯ ಒಳಗೆ ಅವನು ಹೇಗಿದ್ದನೋ ನಾ ಕಾಣೆ. ಹೆಂಗಸರು ಹೊಸ್ತಿಲು ದಾಟುವ ಹಾಗಿಲ್ಲವಲ್ಲ. ಅವ್ವ ಮಟ್ಟಿಗೆ ಬೆರೆಸಲು ಮಜ್ಜಿಗೆ, ಎಣ್ಣೆ, ಅರಿಶಿನ ಒಯ್ದು ಹೊಸ್ತಿಲಲ್ಲೇ ಇಟ್ಟು ಬರುತ್ತಿದ್ದಳು. ಹೊರಗೆ ನಿಂತ ನನಗೆ ಕೇಳುತ್ತಿದ್ದದ್ದು ಅವನ ಗದರಿಕೆ ಮಾತ್ರ. "ಮಟ್ಟೀಗೆ ಜಾತಿ ಇಲ್ಲ ಕಣ್ಲಾ, ಬಿದ್ರೆ ಎಲ್ಲಾರ್ದೂ ಒಂದೇ ಬಣ್ಣ" ಎಂದು ಯಾರನ್ನೋ ಬೈಯುತ್ತಿದ್ದ.

ನನ್ನ ಹಿಂದಿನ ಬಾಣಂತನಕ್ಕೆ ಮಧುಗಿರಿಯಿಂದ ಪಾವಗಡಕ್ಕೆ ತಲೆಯ ಮೇಲೆ ಕುಂಬಳಕಾಯಿ ಹೊತ್ತು ನಡೆದುಕೊಂಡೇ ಬಂದಿದ್ದ. ಯಾರೋ ಜಟಕಾದಲ್ಲಿ ಹತ್ತಿಸಿಕೊಳ್ಳುತ್ತೇನೆ ಎಂದರೂ ಹತ್ತಲಿಲ್ಲವಂತೆ. ನಮ್ಮತ್ತೆ ತೆಲುಗಿನಲ್ಲಿ "ಮೀ ನಾಯ್ನಕಿ ಬಂಡಿ ಲೇದಾ?" ಎಂದು, ನಿಮ್ಮಪ್ಪನಿಗೆ ಗಾಡಿ ಇಲ್ಲವೇ ಎಂದು ನಕ್ಕಿದ್ದರು.

ಯುದ್ಧದ ಸಂಗತಿ ನನಗೇನೂ ಗೊತ್ತಿಲ್ಲ. ಜುಂಜಪ್ಪ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ? ಅವನ ಕಾಗದ ಬಂದು ಬಹಳ ದಿನವಾಯಿತು.

ಪುಟ್ಟಕ್ಕ


ಮಧುಗಿರಿ
೧೪ ಜುಲೈ ೧೯೪೦

ಸೌಭಾಗ್ಯವತಿ ಪುಟ್ಟಕ್ಕನವರಿಗೆ,

ನಿಮ್ಮ ಕಾಗದ ತಲುಪಿತು. ಓದಿ ಸಂತೋಷವಾಯಿತು, ನಗುವೂ ಬಂತು. ಆದರೆ ಅಮಲ್ದಾರರ ಮುಂದೆ ಜಡೆಯ ವಿಷಯವನ್ನೂ ಕುಂಬಳಕಾಯಿಯ ವಿಷಯವನ್ನೂ ಓದಲಿಕ್ಕಾಗುತ್ತದೆಯೇ? ವಸ್ತಾದರು ತಮ್ಮ ಬಗ್ಗೆ ತಾವು ಹೇಳಿಕೊಂಡವರಲ್ಲ. ಆ ಗುಣ ಮಗಳಿಗೂ ಬಂದಿದೆ ಎಂದುಕೊಂಡೆ. ನೀವು ಸಂಕೋಚಪಟ್ಟು ಬಿಟ್ಟದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಅವರು ಒಂದೇ ಓಟದಲ್ಲಿ ಮೂವರು ತುರ್ಕಿ ಸಿಪಾಯಿಗಳನ್ನು ಭರ್ಜಿಗೆ ಏರಿಸಿದ್ದು ಗರಡಿಯ ಹುಡುಗರಿಗೆಲ್ಲ ಬಾಯಿಪಾಠವಾಗಿದೆ. ಯುದ್ಧದಲ್ಲಿ ಸತ್ತ ತಮ್ಮ ಕುದುರೆಯ ದುಃಖಕ್ಕೇ ಅವರು ಮತ್ತೆ ಕುದುರೆ ಹತ್ತಲಿಲ್ಲ, ಜಟಕಾ ಹತ್ತಲಿಲ್ಲ ಎಂಬುದೂ ಊರಿಗೆಲ್ಲ ಗೊತ್ತು.

ಕಲ್ಲಿನ ಕೆಲಸ ಶುರುವಾಗಿದೆ. ಬೆಟ್ಟದ ಬುಡದ ಒಳ್ಳೆಯ ಕಲ್ಲೇ ಸಿಕ್ಕಿತು. ಕಲ್ಲುಕುಟಿಗ ಕೆಂಪಯ್ಯ ಇದ್ದಿಲಿನಲ್ಲಿ ಬರೆದು ತೋರಿಸಿದ. ಕುದುರೆಯ ಮೇಲೆ ಸವಾರ, ಮುಂದಕ್ಕೆ ಬಾಗಿ ಭರ್ಜಿ ಚಾಚಿದ್ದಾನೆ. ಗೊರಸಿನ ಹತ್ತಿರ ಶತ್ರು ಬಿದ್ದಿದ್ದಾನೆ, ಬೆನ್ನು ನೋಡುವವರ ಕಡೆಗೆ. ವಸ್ತಾದರದು ಒಂದು ಫೋಟೋ ಕೂಡ ಇಲ್ಲವಾದ್ದರಿಂದ ಮುಖಕ್ಕೆ ಏನು ಮಾಡುವುದು ಎಂದು ಯೋಚನೆಯಾಗಿತ್ತು. ಕೆಂಪಯ್ಯನೇ ದಾರಿ ತೋರಿಸಿದ. "ಮಗನ್ ಮಕ ಅಪ್ಪನ್ ಮಕಾನೇ ಅಲ್ವ್ರಾ ಸ್ವಾಮಿ" ಎಂದ. ಜುಂಜಪ್ಪನನ್ನು ಜಟಕಾದ ಕುದುರೆ ಬಿಚ್ಚಿ ಅದರ ಮೇಲೆ ಕೂರಿಸಿ, ಕೈಗೆ ಬಿದಿರಿನ ಗಳು ಕೊಟ್ಟೆವು. ಏನು ಗತ್ತು ಅಂತೀರಿ! ಹುಟ್ಟು ಸವಾರನ ಹಾಗೆ ಕಂಡ. ಪರ್ವತಯ್ಯ ಕೆಳಗೆ ಮಲಗಿ ಶತ್ರುವಾದ. ಕೆಂಪಯ್ಯನಿಗೆ ಅವನ ಬೆನ್ನು ಬಹಳ ಮೆಚ್ಚಿಗೆಯಾಯಿತು.

ಜುಂಜಪ್ಪ ಚೆನ್ನಾಗಿ ಉಣ್ಣುತ್ತಾನೆ.

ಶಂಕರಲಿಂಗಪ್ಪ


ಪಾವಗಡ
೨೨ ಜುಲೈ ೧೯೪೦

ಮೇಷ್ಟ್ರಿಗೆ,

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರೆ. ನಮ್ಮಪ್ಪ ಸತ್ತು ಆರು ತಿಂಗಳೂ ಆಗಿಲ್ಲ, ನಿಮ್ಮ ಲೆಕ್ಕದಲ್ಲಿ ಆಗಲೇ ಮೂವರನ್ನು ಕೊಂದ. ವಿಜಯದಶಮಿ ಹೊತ್ತಿಗೆ ಒಂದು ಪಟಾಲಮನ್ನೇ ಮುಗಿಸಿರುತ್ತಾನೆ ಬಿಡಿ.

ವೀರಗಲ್ಲು ಯಾರಿಗೆ ನಿಲ್ಲಿಸುತ್ತಾರೆ ಎನ್ನುವುದು ಮೇಷ್ಟ್ರಾದ ನಿಮಗೆ ನಾನು ಹೇಳಬೇಕೇ? ಕಾದಾಡುತ್ತ ಸತ್ತವರಿಗೆ. ನಮ್ಮಪ್ಪ ಸತ್ತದ್ದು ಹಗ್ಗದ ಮಂಚದ ಮೇಲೆ, ಜ್ವರ ಬಂದು. ಎರಡು ಗುಟುಕು ಅಂಬಲಿ ಕೇಳಿ ಕುಡಿದು, "ಮಟ್ಟಿ ಒಣಗಿದೆ, ನೀರು ಚಿಮುಕಿಸ್ರೋ" ಎಂದು ಹೇಳಿ ಹೋದ. ಪಕ್ಕದಲ್ಲಿ ನಾನೇ ಇದ್ದೆ. ಅವನ ಹೆಸರಿನಲ್ಲಿ ಕಲ್ಲು ಬೇಕೇ ಬೇಕಾದರೆ ಒಂದು ಗದೆ ಕೊರೆಸಿ, ಹನುಮಪ್ಪನನ್ನು ಕೊರೆಸಿ. ಕುದುರೆ ಮಾತ್ರ ಬೇಡ. ಇಪ್ಪತ್ತು ವರ್ಷ ಕುದುರೆಯ ಹತ್ತಿರ ಹೋಗದವನನ್ನು ಸತ್ತ ಮೇಲೆ ಅದರ ಮೇಲೆ ಕೂರಿಸುತ್ತೀರಾ? ಅದಕ್ಕೆ ನನ್ನ ತಮ್ಮನ ಮುಖ ಬೇರೆ!

ಕೋಪ ಮಾಡಿಕೊಳ್ಳಬೇಡಿ. ಜುಂಜಪ್ಪ ನನಗೆ ಬರೆಯುತ್ತಿಲ್ಲ, ಅವ್ವನಿಗೆ ಬರೆಯಲು ಬರುವುದಿಲ್ಲ. ಅಲ್ಲಿ ನನಗೆ ತಿಳಿಯಬೇಕಾದ್ದು ಏನಾದರೂ ನಡೆದಿದ್ದರೆ ಮುಚ್ಚಿಡದೆ ಬರೆಯಿರಿ. ನಾನೇ ಬಂದು ನೋಡೋಣವೆಂದರೆ ವಿಜಯದಶಮಿಯ ಸುಮಾರಿಗೆ ನನಗೆ ದಿನ ತುಂಬುತ್ತದೆ. ಗಾಡಿ ಹತ್ತಲು ಮನೆಯವರು ಬಿಡುವುದಿಲ್ಲ.

ಪುಟ್ಟಕ್ಕ


ಮಧುಗಿರಿ
೨ ಸೆಪ್ಟೆಂಬರ್ ೧೯೪೦

ಪುಟ್ಟಕ್ಕನವರಿಗೆ,

ಉತ್ತರ ತಡವಾಯಿತು. ಸ್ಕೂಲಿಗೆ ಇನ್‌ಸ್ಪೆಕ್ಟರು ಬಂದಿದ್ದರು. ನಿಜ ಹೇಳಬೇಕೆಂದರೆ ನಿಮ್ಮ ಕಾಗದ ಓದಿ ನನಗೂ ಸ್ವಲ್ಪ ಸಿಟ್ಟು ಬಂದಿತ್ತು. ವಸ್ತಾದರು ನಿಮಗೆ ತಂದೆಯಾದರೆ ನಮಗೂ ಏನೋ ಆಗಿದ್ದವರು. ಅವರನ್ನು ದೊಡ್ಡವರನ್ನಾಗಿ ಕಾಣುವ ಹಕ್ಕು ನಮಗೂ ಇದೆ.

ಕಲ್ಲು ಮುಗಿಯುತ್ತ ಬಂದಿದೆ. ಮುಖ ಬಹಳ ಚೆನ್ನಾಗಿ ಮೂಡಿದೆ. ಈಗ ಬದಲಾಯಿಸುವ ಮಾತಿಲ್ಲ.

ಮುಚ್ಚಿಡಬೇಡಿ ಎಂದಿರಿ. ಹೇಳಬಾರದೆಂದು ಜುಂಜಪ್ಪ ನನ್ನಿಂದ ಭಾಷೆ ತೆಗೆದುಕೊಂಡಿದ್ದಾನೆ. ಆದರೂ ಒಡಹುಟ್ಟಿದವರು ನೀವು, ಕೇಳಿದರೆ ಹೆಮ್ಮೆಪಡುತ್ತೀರಿ ಎಂದು ಬರೆಯುತ್ತಿದ್ದೇನೆ. ವಿಜಯದಶಮಿಗೆ, ಈಗ ನಡೆದಿರುವ ಯುದ್ಧಕ್ಕೆಂದು ಸೈನ್ಯಕ್ಕೆ ಜನ ಸೇರಿಸುವ ಜಮೇದಾರರೊಬ್ಬರೂ ಬರುತ್ತಿದ್ದಾರೆ. ಕಲ್ಲಿನ ತೆರೆ ಸರಿದು, ನನ್ನ ಬರಹ ಮುಗಿದ ಕೂಡಲೇ ಜುಂಜಪ್ಪ ಎಲ್ಲರಿಗಿಂತ ಮೊದಲು ಎದ್ದು ಹೆಸರು ಕೊಡುತ್ತಾನೆ. ಅವನ ಹಿಂದೆ ಗರಡಿಯ ಇನ್ನೂ ಕೆಲವರು ಏಳುತ್ತಾರೆ ಎಂದು ಅಮಲ್ದಾರರ ನಂಬಿಕೆ. ಜುಂಜಪ್ಪ ಹೇಳಿದ ಮಾತನ್ನೇ ಬರೆಯುತ್ತೇನೆ. "ನಮ್ಮಪ್ಪ ಮೂರು ಜನುನ್ನ ಹೊಡ್ದ. ನಾನು ಮಟ್ಟೀಲಿ ಹೊರಳಾಡ್ಕಂಡು ಕೂತ್ರೆ ಊರು ಏನಂದೀತು ಮೇಷ್ಟ್ರೇ? ಕಲ್ಲಲ್ಲಿ ನನ್ ಮಕಾನೇ ಐತಲ್ಲ!"

ನಿಮ್ಮ ತಾಯಿಗೆ ಇನ್ನೂ ತಿಳಿದಿಲ್ಲ. ಆ ದಿನವೇ ತಿಳಿಯಲಿ ಎಂದು ಅವನ ಇಚ್ಛೆ.

ಶಂಕರಲಿಂಗಪ್ಪ


ಪಾವಗಡ
೬ ಸೆಪ್ಟೆಂಬರ್ ೧೯೪೦

ಶಂಕರಣ್ಣನಿಗೆ,

ಮೇಷ್ಟ್ರೇ ಎಂದು ಬರೆಯಲು ಈ ಹೊತ್ತು ಮನಸ್ಸು ಬರುತ್ತಿಲ್ಲ. ನಮ್ಮ ಮನೆಯಲ್ಲಿ ಉಂಡು ಬೆಳೆದವನು ನೀನು. ಅಣ್ಣ ಎಂದೇ ತಿಳಿದು ಬರೆಯುತ್ತೇನೆ.

ನನಗೇನೂ ಗೊತ್ತಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ಗೊತ್ತಿದೆ. ಯಾರಿಗೂ ಹೇಳಬೇಡ ಎಂದು ಅಪ್ಪ ಆಣೆ ಹಾಕಿಸಿಕೊಂಡಿದ್ದ, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಈಗ ಆಣೆ ಮುರಿಯುತ್ತಿದ್ದೇನೆ. ಪಾಪ ಬಂದರೆ ನನಗೇ ಬರಲಿ.

ನನ್ನ ಮದುವೆಯ ಹಿಂದಿನ ದಿನ ಎಣ್ಣೆನೀರು ಹಾಕಿದ್ದರು. ಮನೆ ತುಂಬ ನೆಂಟರು. ಹಿತ್ತಿಲ ಬಿಸಿಲಿನಲ್ಲಿ ಅಪ್ಪ ನನ್ನನ್ನು ಕೂರಿಸಿಕೊಂಡು ಜಡೆ ಹೆಣೆಯಲು ಶುರು ಮಾಡಿದ. "ತಲೆ ಅಲ್ಲಾಡಿಸ್ಬ್ಯಾಡ ಕಣಮ್ಮ, ಹಿಂದಕ್ಕೆ ತಿರುಗ್ಬ್ಯಾಡ" ಎಂದ. ಯಾವಾಗಲೂ ಹೇಳುವ ಮಾತೇ. ಆಮೇಲೆ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ.

"ನಾಳೆ ಇನ್ನೊಬ್ರ ಮನೆ ಸೇರ್ತೀಯ. ಅಲ್ಲಿ ಯಾರಾನ ನಿಮ್ಮಪ್ಪ ಶೂರ ಅಂದ್ರೆ ಹೂಂ ಅನ್ಬ್ಯಾಡ. ಯುದ್ಧದಲ್ಲಿ ಒಂದಿನ ಗುಡ್ಡದ ಮ್ಯಾಲಿಂದ ತುರ್ಕಿಯವ್ರು ಗುಂಡು ಹಾರಿಸ್ತಿದ್ರು. ನಾವು ಕುದ್ರೆ ಮ್ಯಾಲೆ ನುಗ್ಗಿದ್ವಿ. ಯೋಚ್ನೆ ಮಾಡಾಕೆ ಪುರ್ಸೊತ್ತೇ ಇರ್ಲಿಲ್ಲ. ಒಬ್ಬ ಎದ್ರಿಗೆ ಬಂದ, ಭರ್ಜಿ ನಾಟ್ತು. ನಾನು ಚುಚ್ಚಿದ್ನೋ, ಕುದ್ರೆ ಓಟಕ್ಕೆ ಅದೇ ನಾಟ್ತೋ, ಇವತ್ತಿಗೂ ಗೊತ್ತಿಲ್ಲ. ಎಲ್ಲಾ ತಣ್ಣಗಾದ್ಮ್ಯಾಲೆ ಕುದ್ರೆ ಇಳ್ದು ವಾಪಸ್ ಹುಡುಕ್ಕಂಡು ಹೋದೆ. ಇನ್ನೂ ಉಸಿರಿತ್ತು. ಮೀಸೆ ಬಂದಿರ್ಲಿಲ್ಲ ಕಣಮ್ಮ ಆ ಹುಡುಗಂಗೆ. ಎತ್ತಿ ಕುಂಡ್ರಿಸ್ದೆ, ನೀರು ಕುಡಿಸ್ದೆ. ಬೆನ್ನೆಲ್ಲಾ ಮಣ್ಣಾಗಿತ್ತು. ಇನ್ನೇನು ಮಾಡ್ಬೇಕೋ ತಿಳೀನಿಲ್ಲ. ಪೇಟದ ಸೆರಗಲ್ಲಿ ಬೆನ್ನು ಒರೆಸ್ತಾ ಕುಂತೆ. ಒರೆಸ್ತಾನೇ ಇದ್ದೆ. ಯಾರೋ ಹಿಂದ್ಲಿಂದ ಬಂದು, 'ಬುಡೋ ಬೊಮ್ಮಣ್ಣ, ಅವ್ನು ಹೋಗಿ ಆಗ್ಲೇ ಸುಮಾರೊತ್ತಾಯ್ತು' ಅಂದ."

ಅಷ್ಟು ಹೇಳಿ ಕೈ ನಿಲ್ಲಿಸಿದ. ನಾನು ತಿರುಗಬೇಕೆಂದೆ, ಜಡೆ ಅವನ ಮುಷ್ಟಿಯಲ್ಲಿತ್ತು. "ಯಾರ್ಗೂ ಹೇಳ್ಬ್ಯಾಡ, ನನ್ನಾಣೆ. ನಿಮ್ಮವ್ವಂಗಂತೂ ಬ್ಯಾಡ, ಹೆದ್ರಿಕಂತಾಳೆ" ಎಂದು ಮತ್ತೆ ಹೆಣೆಯತೊಡಗಿದ. ಆ ದಿನದ ಜಡೆ ಎಷ್ಟು ಬಿಗಿಯಾಗಿತ್ತೆಂದರೆ ಧಾರೆ ಮುಗಿಯುವ ತನಕ ನನ್ನ ಹಣೆ ಎಳೆಯುತ್ತಲೇ ಇತ್ತು. ಮದುಮಗಳು ತವರು ಬಿಡುವುದಕ್ಕೆ ಅಳುತ್ತಾಳೆ ಎಂದುಕೊಂಡರು ಎಲ್ಲರೂ.

ಈಗ ಹೇಳು, ಮೂವರು ಎಲ್ಲಿಂದ ಬಂದರು? ಕುದುರೆಯ ದುಃಖ ಎಲ್ಲಿಂದ ಬಂತು? ಅವನ ಕುದುರೆ ಸಾಯಲಿಲ್ಲ, ಅದರ ಬೆನ್ನ ಮೇಲೆ ಕೂತದ್ದಕ್ಕೇ ಅವನಿಗೆ ದುಃಖ. ನೀವೆಲ್ಲ ಹತ್ತು ವರ್ಷ ಒಬ್ಬರ ಬೆನ್ನು ಒಬ್ಬರು ಒರೆಸಿಕೊಂಡು ಬೆಳೆದಿರಿ. ಯಾಕೆ ಎಂದು ಒಬ್ಬರಾದರೂ ಕೇಳಿದಿರಾ?

ಸೈನ್ಯಕ್ಕೆ ಹೋಗುವವರನ್ನು ನಾನು ಬೇಡ ಎನ್ನುವುದಿಲ್ಲ. ತಿಳಿದು ಹೋದವರನ್ನು ಹೋಗಲಿ ಬಿಡು ಎನ್ನಬಹುದು. ಆದರೆ ನನ್ನ ತಮ್ಮ ಹೋಗುತ್ತಿರುವುದು ನಡೆಯದೇ ಇದ್ದ ಒಂದು ಮಾತಿಗಾಗಿ. ಅವನು ಹೋಗಿ ಬರದಿದ್ದರೆ ನಾನು ಯಾರನ್ನು ಕೇಳಲಿ? ನನಗೆ ಭಯವಾಗುತ್ತಿದೆ ಅಣ್ಣ. ಇದನ್ನು ಅವನಿಗೆ ಓದಿ ಹೇಳು. ಒಬ್ಬನಿಗೇ ಓದುತ್ತೀಯೋ, ಎಲ್ಲರ ಮುಂದೆ ಓದುತ್ತೀಯೋ, ನಿನಗೆ ಬಿಟ್ಟದ್ದು. ಓದದೆ ಮಾತ್ರ ಇರಬೇಡ.

ಪುಟ್ಟಕ್ಕ


ಮಧುಗಿರಿ
೧೬ ಅಕ್ಟೋಬರ್ ೧೯೪೦

ತಂಗಿ ಪುಟ್ಟಕ್ಕನಿಗೆ ಆಶೀರ್ವಾದಗಳು.

ಒಂದು ತಿಂಗಳಿಗೂ ಮೇಲೆ ನಿನ್ನನ್ನು ಕಾಯಿಸಿದೆ. ಏನು ಬರೆಯುವುದೆಂದು ತೋಚಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನನ್ನದು. ನಿನ್ನ ಕಾಗದವನ್ನು ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಸ್ಕೂಲಿಗೆ ಹೋದೆ, ಗರಡಿಗೆ ಹೋದೆ. ಜುಂಜಪ್ಪ ಪರ್ವತಯ್ಯನನ್ನು ಚಿತ್ ಮಾಡಿ, ಎಬ್ಬಿಸಿ, ಏನೋ ಹರಟುತ್ತ ಅವನ ಬೆನ್ನಿನ ಮಣ್ಣು ಒರೆಸಿದ. ದಿನವೂ ನೋಡಿದ್ದೇ. ಆ ದಿನ ನೋಡಿ ನನಗೆ ನಿಲ್ಲಲಾಗಲಿಲ್ಲ, ಹೊರಗೆ ಬಂದುಬಿಟ್ಟೆ.

ಹೊರಟವನು ನೇರ ಕೆಂಪಯ್ಯನಲ್ಲಿಗೆ ಹೋದೆ. ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಬೀಡಿ ಸೇದಿ ಮುಗಿಸಿ ಕಲ್ಲನ್ನು ಒಂದು ಸುತ್ತು ನೋಡಿದ. ಆಮೇಲೆ, "ಕಲ್ಲಿಗೆ ಸೇರ್ಸಾಕೆ ಆಗಾಕಿಲ್ಲ ಸ್ವಾಮಿ, ತೆಗಿಯಾಕೆ ಆಯ್ತದೆ. ಸವಾರ ಇರ್ಲಿ. ಭರ್ಜಿ ತೆಗುದ್ಬುಡ್ತೀನಿ" ಎಂದ. ತೆಗೆದ. ಭರ್ಜಿ ಹಿಡಿದಿದ್ದ ಮುಷ್ಟಿಯನ್ನು ಸಣ್ಣ ಉಳಿಯಲ್ಲಿ ಬಿಡಿಸಿ ಅಂಗೈ ಮಾಡಿದ. ಮುಂದಕ್ಕೆ ಬಾಗಿದ ಮೈ ಹಾಗೆಯೇ ಇದೆ, ಚಾಚಿದ ತೋಳು ಹಾಗೆಯೇ ಇದೆ. ಈಗ ಆ ಕೈ ಕೆಳಗೆ ಬಿದ್ದವನ ಬೆನ್ನಿನ ಕಡೆಗೆ ಹೋಗುತ್ತಿದೆ.

ಜುಂಜಪ್ಪನಿಗೆ ಮೊದಲೇ ಓದಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಎಲ್ಲರ ಜೊತೆಗೇ ಕೇಳಿದ. ವಿಜಯದಶಮಿಯ ದಿನ ಗರಡಿಯ ಮುಂದಿನ ಬೀದಿಯಲ್ಲಿ ಚಪ್ಪರ ಹಾಕಿದ್ದರಿಂದ ಹೆಂಗಸರೂ ಬಂದಿದ್ದರು. ಅಮಲ್ದಾರರು ತೆರೆ ಸರಿಸಿ, ಆಯುಧ ಇಲ್ಲದ ಸವಾರನನ್ನು ನೋಡಿ ನನ್ನ ಮುಖ ನೋಡಿದರು. ನಾನು ಬರೆದುಕೊಂಡಿದ್ದನ್ನು ಬಿಟ್ಟು ನಿನ್ನ ಕಾಗದ ಓದಿದೆ. ಕುಂಬಳಕಾಯಿಯನ್ನೂ ಜಡೆಯನ್ನೂ ಬಿಡಲಿಲ್ಲ. ಕರುವಿನ ಪದಕಕ್ಕೆ ನಕ್ಕರು. ಜಮೇದಾರರು ವಯಸ್ಸಾದವರು, ಅದೇ ಯುದ್ಧಕ್ಕೆ ಹೋಗಿ ಬಂದವರಂತೆ. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಮಲ್ದಾರರು ಹೆಸರು ಕೂಗಿಸಿ ಎಂದಾಗ, "ಇವತ್ತು ಬೇಡ ಸ್ವಾಮಿ, ನಾಳೆ ಛತ್ರದಲ್ಲಿ ಇರ್ತೀನಿ, ಬರೋರು ಬರ್ಲಿ" ಎಂದರು.

ಎಲ್ಲರೂ ಜುಂಜಪ್ಪನನ್ನೇ ನೋಡುತ್ತಿದ್ದರು. ಅವನು ಏಳಲಿಲ್ಲ.

ಮರುದಿನ ಛತ್ರಕ್ಕೆ ಹೋದವನು ಪರ್ವತಯ್ಯ. ಅವನ ತಾಯಿ ಜಗದಾಂಬಮ್ಮ ನನ್ನ ಮನೆ ಬಾಗಿಲಿಗೆ ಬಂದು, ನಿನ್ನ ಕಾಗದದಿಂದಲೇ ಹೀಗಾಯಿತು ಎಂದು ಅತ್ತರು. ಪರ್ವತಯ್ಯನನ್ನು ಕೇಳಿದೆ. "ವಸ್ತಾದ್ರಂಥೋರು ಅಲ್ಲೂ ಬೇಕಲ್ಲ ಮೇಷ್ಟ್ರೇ. ಬಿದ್ದೋರ್ನ ಯಾರಾನ ಎತ್ಬೇಕಲ್ಲ" ಎಂದ. ಒಂದೇ ಕಾಗದ, ಇಬ್ಬರು ಕೇಳಿದರು. ಒಬ್ಬ ಕೂತ, ಒಬ್ಬ ಎದ್ದ. ಯಾರಿಗೆ ಏನು ಹೇಳಲಿ?

ಇನ್ನೊಂದು ಮಾತು. ನಿಮ್ಮವ್ವ ಹೆದರಲಿಲ್ಲ. ಎಲ್ಲ ಮುಗಿದ ಮೇಲೆ ನನ್ನನ್ನು ಕರೆದು ಹೇಳಿದರು: "ನಂಗೆ ಗೊತ್ತಿತ್ತು ಕಣಪ್ಪ. ನಿದ್ದೇಲಿ ಒರೆಸ್ತಿದ್ದ, ನನ್ ಬೆನ್ನ. ಏನೇನೋ ಮಾತಾಡ್ತಿದ್ದ. ನಂಗೆ ಗೊತ್ತು ಅಂತ ಗೊತ್ತಾದ್ರೆ ನೊಂದ್ಕಂತಾನೆ ಅಂತ ಸುಮ್ಕಿದ್ದೆ."

ನಿನ್ನ ಅಣ್ಣ,
ಶಂಕರಲಿಂಗಪ್ಪ


ಪಾವಗಡ
೨೮ ನವೆಂಬರ್ ೧೯೪೦

ಶಂಕರಣ್ಣನಿಗೆ ನಮಸ್ಕಾರ.

ಹೆಣ್ಣು ಮಗು. ನಾನೂ ಮಗೂನೂ ಕ್ಷೇಮ. ಹುಟ್ಟುವಾಗಲೇ ತಲೆ ತುಂಬ ಕೂದಲು, ಜಡೆ ಹಾಕುವವನೇ ಇಲ್ಲ.

ಮಗು ನೋಡುವ ನೆಪ ಮಾಡಿಕೊಂಡು ಜುಂಜಪ್ಪ ಬಂದಿದ್ದ. ನಡೆದುಕೊಂಡೇ ಬಂದಿದ್ದ, ಅಪ್ಪನ ಹಾಗೆ. ಕುಂಬಳಕಾಯಿ ಮಾತ್ರ ತಂದಿರಲಿಲ್ಲ. ಎರಡು ದಿನ ಮಗುವನ್ನು ಎತ್ತಿಕೊಂಡು ಓಡಾಡಿದ. ಹೊರಡುವ ದಿನ ಮುದ್ದೆ ಮುರಿಯುತ್ತ, "ನಂಗೆ ಯಾಕೆ ಮೊದ್ಲೇ ಹೇಳ್ಲಿಲ್ಲ ಅಕ್ಕ?" ಎಂದ. ಆಣೆ ಎಂದೆ. "ನಂಗೇ ಹೇಳ್ಬೌದಿತ್ತು ಅಪ್ಪ. ಗಂಡುಡುಗ ಅಂತ ಹೇಳ್ನಿಲ್ವಾ?" ಎಂದ. ಅವನ ತಟ್ಟೆಗೆ ಇನ್ನೊಂದಿಷ್ಟು ಸಾರು ಬಿಟ್ಟೆ.

ಗರಡಿಯಲ್ಲಿ ಅವನನ್ನು ಹೇಡಿ ಎನ್ನುತ್ತಿದ್ದಾರಂತೆ, ಎದುರಿಗಲ್ಲ, ಹಿಂದೆ. ಕೆಲವರು ಹಳೇಪೇಟೆಯ ಗರಡಿಗೆ ಸೇರಿಕೊಂಡರಂತೆ. ಇದನ್ನೆಲ್ಲ ನೀನು ಬರೆಯಲಿಲ್ಲ. ಹಾಗಾದರೆ ಯಾಕೆ ಇನ್ನೂ ಅಲ್ಲೇ ಇದ್ದೀಯ, ಇಲ್ಲಿಗೇ ಬಂದುಬಿಡು ಎಂದೆ. "ಗರಡಿಗೆ ಹೋಗೋವಾಗ, ಬರೋವಾಗ ಆ ಕಲ್ಲು ಐತೆ ಕಣಕ್ಕ. ಅದ್ರಲ್ಲಿ ನನ್ ಮಕ ಐತೆ, ಕೈ ಚಾಚ್ಕಂಡು. ಇನ್ನೂ ಬೆನ್ನು ಮುಟ್ಟಿಲ್ಲ. ಅದ್ನ ಬುಟ್ಟು ಎಲ್ಲಿಗ್ ಬರ್ಲಿ?" ಎಂದ.

ಉಳಿದುಕೊಂಡ ಎಂದು ನನಗೆ ಸಂತೋಷ. ಜಗದಾಂಬಮ್ಮನ ಮುಖ ನೆನೆದರೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಪುಟ್ಟಕ್ಕ


ಶಿರಾ
೪ ಮಾರ್ಚ್ ೧೯೪೩

ತಂಗಿ ಪುಟ್ಟಕ್ಕನಿಗೆ,

ನನಗೆ ಶಿರಾಕ್ಕೆ ವರ್ಗವಾಗಿ ಎರಡು ವರ್ಷವಾದರೂ ಒಂದು ಕಾಗದ ಹಾಕಲಿಲ್ಲವೆಂದು ಬೈದುಕೊಂಡಿರುತ್ತೀಯ. ವರ್ಗ ಎಲ್ಲ ಮೇಷ್ಟ್ರುಗಳಿಗೂ ಆಗುತ್ತದೆ, ಅದಕ್ಕೂ ಆ ದಿನದ ಓದಿಗೂ ಸಂಬಂಧ ಹುಡುಕಬೇಡ.

ಹೋದ ವಾರ ಮಧುಗಿರಿಗೆ ಹೋಗಿದ್ದೆ. 'ನಾನು ಕ್ಷೇಮ' ಎಂದು ಸೈನ್ಯದವರೇ ಅಚ್ಚುಹಾಕಿಸಿ ಕೊಡುವ ಕಾರ್ಡು ಪರ್ವತಯ್ಯನಿಂದ ಬಂದು ವರ್ಷವಾಯಿತಂತೆ. ಆಮೇಲೆ ಏನೂ ಇಲ್ಲ. ಜುಂಜಪ್ಪ ದಿನವೂ ಜಗದಾಂಬಮ್ಮನ ಮನೆಗೆ ನೀರು ಸೇದಿ ಹಾಕಿ ಆಮೇಲೆ ಗರಡಿಗೆ ಹೋಗುತ್ತಾನೆ. ಮೊದಲು ಆಕೆ ಕೊಡದ ನೀರನ್ನು ಹೊರಗೆ ಚೆಲ್ಲಿಬಿಡುತ್ತಿದ್ದರು. ಈಗ ಚೆಲ್ಲುವುದಿಲ್ಲ, ಮಾತಾಡುವುದೂ ಇಲ್ಲ. ಹಳೇಪೇಟೆಗೆ ಹೋದವರಲ್ಲಿ ಕೆಲವರು ಮರಳಿದ್ದಾರೆ. ಜುಂಜಪ್ಪನೇ ಈಗ ವಸ್ತಾದ. ಗದರಿಸುವಾಗ ಅದೇ ದನಿ.

ಶಂಕರಲಿಂಗಪ್ಪ


ಮಧುಗಿರಿ
೧೯ ಮೇ ೧೯೪೬

ಶಂಕರಣ್ಣನಿಗೆ ನಮಸ್ಕಾರ.

ನಾನೂ ಮಗಳೂ ಅವ್ವನ ಮನೆಗೆ ಬಂದು ಹದಿನೈದು ದಿನವಾಯಿತು. ಹೋದ ಸಲವೆಲ್ಲ ಅವಸರದಲ್ಲಿ ಬಂದು ಹೋಗಿದ್ದೆ, ಈ ಸಲ ಕಲ್ಲನ್ನು ನಿಂತು ನೋಡಿದೆ. ಮುಖ ನಿಜವಾಗಿಯೂ ಚೆನ್ನಾಗಿದೆ, ನೀನು ಬರೆದದ್ದು ಸುಳ್ಳಲ್ಲ. ಬೀದಿಯ ಹೆಂಗಸರು ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಸವಾರನಿಗಲ್ಲ, ಕೆಳಗೆ ಬಿದ್ದಿರುವವನಿಗೆ. ಅವನೇ ದೇವರು ಎಂದುಕೊಂಡಿದ್ದಾರೆ. ಅವ್ವ ತಿದ್ದಲು ಹೋಗಿಲ್ಲ.

ಜುಂಜಪ್ಪ ನನ್ನ ಮಗಳಿಗೆ ಜಡೆ ಹಾಕಲು ಹೋಗಿ ಹಗ್ಗ ಹೊಸೆದಂತೆ ಹೊಸೆದ. ಆ ವಿದ್ಯೆ ಅಪ್ಪನ ಜೊತೆಗೇ ಹೋಯಿತು.

ಬರೆಯಲು ಕಾರಣ ಬೇರೆ. ನಿನ್ನೆ ಪರ್ವತಯ್ಯ ಬಂದ.

ಬಸ್ಸಿಳಿದು ಮೊದಲು ತಾಯಿಯನ್ನು ನೋಡಿ ಬಂದನಂತೆ. ನಾನು ಮಟ್ಟಿಗೆ ಮಜ್ಜಿಗೆ ಒಯ್ದು ಗರಡಿಯ ಹೊಸ್ತಿಲಲ್ಲಿ ಇಡುತ್ತಿದ್ದೆ. ಖಾಕಿ ಅಂಗಿ ತೊಟ್ಟವನು ಯಾರೋ ಕಲ್ಲಿನ ಮುಂದೆ ನಿಂತಿದ್ದ. ಬಹಳ ಸೊರಗಿದ್ದ, ನನಗೆ ಗುರುತೇ ಹತ್ತಲಿಲ್ಲ. ಸದ್ದು ಕೇಳಿ ಜುಂಜಪ್ಪ ಬಾಗಿಲಿಗೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಪರ್ವತಯ್ಯ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೆಗಲ ಮೇಲಿನ ಟವೆಲು ತೆಗೆದು, ಕೆಳಗೆ ಬಿದ್ದವನ ಬೆನ್ನಿನ ಮೇಲೆ ಕೂತಿದ್ದ ಬೀದಿಯ ಧೂಳನ್ನು ಒರೆಸತೊಡಗಿದ. ಅದು ಅವನದೇ ಬೆನ್ನಲ್ಲವೇ, ಕೆಂಪಯ್ಯನಿಗಾಗಿ ಮಲಗಿದ್ದವನು ಅವನೇ ಅಲ್ಲವೇ. ಧೂಳು ಹೋಯಿತು. ಆದರೂ ಬಿಡಲಿಲ್ಲ, ಒರೆಸುತ್ತಲೇ ಇದ್ದ. ಅಲ್ಲಿ ಅವನು ಏನು ಮಾಡಿದ, ಯಾರನ್ನು ಬೀಳಿಸಿದ ಎಂದು ನಾವು ಕೇಳಲಿಲ್ಲ. ನಮ್ಮ ಗರಡಿಯಲ್ಲಿ ಬೆಳೆದವರಿಗೆ ಅದನ್ನು ಕೇಳಬೇಕಾಗಿಲ್ಲ.

ನಾನು ಅಳುತ್ತಿದ್ದೆ. ಅಪ್ಪನಿಗೆ ಆ ದಿನ ಹಿಂದಿನಿಂದ ಯಾರೋ ಬಂದು 'ಬುಡೋ' ಅಂದರಲ್ಲ, ಜುಂಜಪ್ಪ ಹಾಗೆ ಅನ್ನುತ್ತಾನೇನೋ ಎಂದುಕೊಂಡೆ. ಅನ್ನಲಿಲ್ಲ. ಹೊಸ್ತಿಲಿಳಿದು ಬಂದು ಪಕ್ಕದಲ್ಲಿ ಕೂತ, ಅವನು ತಾನಾಗಿ ಕೈ ನಿಲ್ಲಿಸುವ ತನಕ ಕಾದ. ಆಮೇಲೆ ನಾನು ಇಟ್ಟಿದ್ದ ಮಜ್ಜಿಗೆಯ ಗಡಿಗೆಯನ್ನು ಅವನ ಕೈಗೆ ಕೊಟ್ಟು ಹೇಳಿದ.

"ಬಾರ್ಲಾ ಒಳಕ್ಕೆ. ಮಟ್ಟಿ ಅಗೀಬೇಕು."

ಪುಟ್ಟಕ್ಕ